ಹೊಸ ಡಿಸ್ಕ್ ಹಾಕಿದ ಮೇಲೆ ಕಂಪ್ಯೂಟರ್ ಏಳುತ್ತಿಲ್ಲ, ಹಳೆಯದನ್ನು ಮರಳಿ ಹಾಕಿದರೂ ಏಳುತ್ತಿಲ್ಲ

ಇಬ್ಬನಿ · ಶನಿವಾರ, ರಾತ್ರಿ 9:12

ಮಧ್ಯಾಹ್ನದಿಂದ ಇದರ ಮುಂದೆಯೇ ಕುಳಿತಿದ್ದೇನೆ. ಇನ್ನು ನನ್ನೊಬ್ಬಳಿಂದ ಆಗದು ಎನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಡೆಸ್ಕ್‌ಟಾಪ್, ವಿಂಡೋಸ್ 10, ಏಳು ವರ್ಷ ಹಳೆಯದು. ಒಳಗೆ 1 ಟಿಬಿ ಹಾರ್ಡ್ ಡಿಸ್ಕ್ ಇತ್ತು. ಒಂದು ತಿಂಗಳಿಂದ ಫೈಲ್ ತೆರೆಯಲು ಅರ್ಧ ನಿಮಿಷ ಹಿಡಿಯುತ್ತಿತ್ತು, ಆಗಾಗ ಒಳಗಿನಿಂದ ಟಿಕ್ ಟಿಕ್ ಸದ್ದು ಕೇಳುತ್ತಿತ್ತು. ಪೂರ್ತಿ ಕೈಕೊಡುವ ಮೊದಲೇ ಬದಲಿಸೋಣವೆಂದು 500 ಜಿಬಿ ಸಾಟಾ ಎಸ್‌ಎಸ್‌ಡಿ (ಹಳೆಯದರ ಕೇಬಲ್‌ಗೇ ಕೂರುವ, ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್) ತಂದು, ಕ್ಲೋನ್ ಮಾಡುವ ತಂತ್ರಾಂಶದಿಂದ ನಕಲು ಮಾಡಿದೆ. ಯಾವ ದೋಷವನ್ನೂ ತೋರಿಸದೆ ನೂರಕ್ಕೆ ನೂರು ಮುಗಿಯಿತು. ಹಳೆಯದನ್ನು ತೆಗೆದು ಹೊಸದನ್ನು ಅದೇ ಕೇಬಲ್‌ಗೆ ಸಿಕ್ಕಿಸಿ ಸ್ವಿಚ್ ಒತ್ತಿದರೆ, ಕಪ್ಪು ಪರದೆಯಲ್ಲಿ ‘ಬೂಟ್ ಮಾಡಬಲ್ಲ ಸಾಧನ ಇಲ್ಲ’ ಎಂಬರ್ಥದ ಒಂದು ಸಾಲು ಬಂತು, ಅಷ್ಟೇ.

ಏನೇನೋ ಮಾಡಿ ನೋಡಿದೆ. ಕೊನೆಗೆ ಹಳೆಯದಾದರೂ ಏಳಲಿ ಎಂದು ಅದನ್ನೇ ಮರಳಿ ಹಾಕಿದೆ. ಈಗ ಅದೂ ಏಳುತ್ತಿಲ್ಲ! ವಿಂಡೋಸ್ ಚಿಹ್ನೆ ಬಂದು, ಚುಕ್ಕಿಗಳು ಎರಡು ಸುತ್ತು ತಿರುಗಿ, ನೀಲಿ ಪರದೆ ಬರುತ್ತದೆ. ಬೆಳಿಗ್ಗೆ ಸರಿಯಾಗಿ ಓಡುತ್ತಿದ್ದ ಡಿಸ್ಕ್ ಇದು.

ಅದರಲ್ಲಿ ಅಮ್ಮ ಹೇಳಿದ ಕಥೆಗಳ ಧ್ವನಿಮುದ್ರಣಗಳಿವೆ, ಒಂಬತ್ತು ವರ್ಷಗಳದ್ದು. ಬೇರೆಲ್ಲೂ ಪ್ರತಿ ಇಲ್ಲ. ಅಮ್ಮ ಈಗ ಇಲ್ಲ. ದಯವಿಟ್ಟು ಯಾರಾದರೂ ದಾರಿ ತೋರಿಸಿ.

ಸಂಜೆಗಾಳಿ · 9:20

ಹೊಸ ಡಿಸ್ಕಿಗೆ ವಿಂಡೋಸ್ ಅನ್ನು ಹೊಸದಾಗಿ ಹಾಕಿಬಿಡಿ, ಹಳೆಯದನ್ನು ಪಕ್ಕದಲ್ಲಿ ಜೋಡಿಸಿ ಫೈಲ್‌ಗಳನ್ನು ಎಳೆದುಕೊಳ್ಳಿ. ಒಂದು ಗಂಟೆಯ ಕೆಲಸ. ಕ್ಲೋನ್ ಮಾಡಿದ ವಿಂಡೋಸ್ ನನಗೆ ಯಾವತ್ತೂ ನೆಟ್ಟಗೆ ನಡೆದಿಲ್ಲ.

ತಿರುಪುಮೊಳೆ · 9:24

ಇಬ್ಬನಿಯವರೇ, ಮೊದಲು ಆ ಹಳೆಯ ಡಿಸ್ಕಿನ ಕೇಬಲ್ ಕಿತ್ತು ಪಕ್ಕಕ್ಕಿಡಿ. ಈಗಲೇ. ಟಿಕ್ ಟಿಕ್ ಎನ್ನುವ ಡಿಸ್ಕನ್ನು ಮತ್ತೆ ಮತ್ತೆ ಎಬ್ಬಿಸಿ ನೀಲಿ ಪರದೆಗೆ ಬೀಳಿಸುತ್ತಿದ್ದರೆ ಉಳಿದಿರುವ ಆಯುಷ್ಯವೂ ಕರಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಯಾವ ಕಿಟಕಿ ತೆರೆದುಕೊಂಡು ‘ಡಿಸ್ಕನ್ನು ಇನಿಷಿಯಲೈಸ್ ಮಾಡಲೇ’, ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೂ ಬೇಡ ಎನ್ನಿ. ನಾನು ನೋಡಿದ ಡೇಟಾ ನಷ್ಟಗಳಲ್ಲಿ ಡಿಸ್ಕ್ ತಾನಾಗಿ ಸತ್ತದ್ದಕ್ಕಿಂತ ಗಾಬರಿಯಲ್ಲಿ ಒತ್ತಿದ ಆ ‘ಸರಿ’ ಗುಂಡಿಯಿಂದ ಆದವೇ ಹೆಚ್ಚು.

ಆಮೇಲೆ ಎರಡು ಪ್ರಶ್ನೆ. ನೀಲಿ ಪರದೆಯ ಕೆಳಗೆ ಸ್ಟಾಪ್ ಕೋಡ್ ಎಂದು ಏನು ಬರೆದಿದೆ? ‘ಏನೇನೋ ಮಾಡಿ ನೋಡಿದೆ’ ಎಂದಿರಲ್ಲ, ಆ ಏನೇನೋ ಯಾವುವು? ಒಂದನ್ನೂ ಬಿಡದೆ ಹೇಳಿ.

ಗುಬ್ಬಚ್ಚಿ · 9:26

ಕೇಬಲ್ ಸಡಿಲ ಇರಬಹುದು, ನೋಡಿ.

ಕಪ್ಪುಪರದೆ · 9:31

ಸಂಜೆಗಾಳಿಯವರ ಸಲಹೆ ನೆಗಡಿಯಾದರೆ ಮೂಗನ್ನೇ ಕೊಯ್ದುಕೊಂಡಂತೆ. ಕಾರಣ ಗೊತ್ತಿಲ್ಲದೆ ಹೊಸದಾಗಿ ಹಾಕಿದರೆ ಅದೇ ಕಾರಣ ನಾಳೆ ಮತ್ತೆ ಎದುರಾಗುತ್ತದೆ.

ನೆಟ್ಟಗೆ ಯೋಚಿಸಿ. ಎರಡು ಡಿಸ್ಕ್, ಎರಡು ಬೇರೆ ಬೇರೆ ಸೋಲು. ಹೊಸದು ‘ಬೂಟ್ ಸಾಧನ ಇಲ್ಲ’ ಎನ್ನುತ್ತಿದೆ ಎಂದರೆ ಮದರ್‌ಬೋರ್ಡಿನ ಫರ್ಮ್‌ವೇರ್‌ಗೆ (ಸ್ವಿಚ್ ಒತ್ತಿದೊಡನೆ ಮೊದಲು ಓಡುವ ತಂತ್ರಾಂಶ) ಅದರಲ್ಲಿ ಬೂಟ್ ಲೋಡರ್ (ವಿಂಡೋಸ್ ಅನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಸಿಕ್ಕೇ ಇಲ್ಲ. ಹಳೆಯದರಲ್ಲಿ ಹಾಗಲ್ಲ. ಫರ್ಮ್‌ವೇರ್ ಡಿಸ್ಕನ್ನು ಕಂಡಿದೆ, ಬೂಟ್ ಲೋಡರ್ ಸಿಕ್ಕಿದೆ, ಅದು ವಿಂಡೋಸ್‌ನ ತಿರುಳಾದ ಕರ್ನಲ್ ಅನ್ನು ಎತ್ತಿ ಓಡಿಸಿದೆ, ಆಮೇಲೆ ಕರ್ನಲ್ ಬಿದ್ದಿದೆ. ಇವೆರಡನ್ನೂ ಒಂದೇ ರೋಗವೆಂದು ಭಾವಿಸಿ ಒಂದೇ ಮದ್ದು ಹಾಕಬೇಡಿ.

ಇಬ್ಬನಿ · 9:48

ಹಳೆಯ ಡಿಸ್ಕ್ ಕಳಚಿ ಬಟ್ಟೆಯಲ್ಲಿ ಸುತ್ತಿ ಇಟ್ಟೆ. ಸ್ಟಾಪ್ ಕೋಡನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದಿದ್ದೆ: ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’.

ಮಾಡಿದ್ದು ಇಷ್ಟು. ಹೊಸ ಡಿಸ್ಕನ್ನು ಬೇರೆ ಸಾಟಾ ಕಿಂಡಿಗೆ ಹಾಕಿದೆ. ಕೇಬಲ್ ಬದಲಿಸಿದೆ. ಇನ್ನೊಂದು ಕಂಪ್ಯೂಟರ್‌ನಲ್ಲಿ ವಿಂಡೋಸ್ ಪೆನ್ ಡ್ರೈವ್ ಮಾಡಿಕೊಂಡು ‘ಸ್ಟಾರ್ಟ್‌ಅಪ್ ರಿಪೇರ್’ ಓಡಿಸಿದೆ, ದುರಸ್ತಿ ಮಾಡಲಾಗಲಿಲ್ಲ ಎಂದಿತು. ಒಂದು ವಿಡಿಯೋ ನೋಡಿ ‘ಬೂಟ್‌ರೆಕ್ /ಫಿಕ್ಸ್‌ಎಂಬಿಆರ್’ ಕೊಟ್ಟೆ, ಯಶಸ್ವಿ ಎಂದಿತು. ‘/ಫಿಕ್ಸ್‌ಬೂಟ್’ ಕೊಟ್ಟರೆ ‘ಆಕ್ಸೆಸ್ ಈಸ್ ಡಿನೈಡ್’ ಎಂದಿತು. ಇವೆಲ್ಲ ಹೊಸ ಡಿಸ್ಕ್ ಮಾತ್ರ ಇದ್ದಾಗ ಮಾಡಿದ್ದು. ಆಮೇಲೆ ಅದೇ ವಿಡಿಯೋದ ಕೆಳಗೆ ಯಾರೋ ಹೇಳಿದಂತೆ ಮದರ್‌ಬೋರ್ಡಿನ ನಾಣ್ಯದಂತಹ ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿದೆ. ಅದಾದ ಮೇಲೆಯೇ ಹಳೆಯ ಡಿಸ್ಕ್ ಹಾಕಿದ್ದು.

ನಡುರಾತ್ರಿ · 9:53

ಬ್ಯಾಟರಿ!

ತಿರುಪುಮೊಳೆ · 9:55

ನಡುರಾತ್ರಿಯವರು ಹೇಳಿದ್ದೇ ಸರಿ, ಮದರ್‌ಬೋರ್ಡಿನ ಗಡಿಯಾರವನ್ನೂ ಸೆಟಪ್ ಆಯ್ಕೆಗಳನ್ನೂ ಹಿಡಿದಿಡುವುದು ಆ ಬ್ಯಾಟರಿಯೇ. ಇಬ್ಬನಿಯವರೇ, ಸೆಟಪ್ ಪರದೆಗೆ ಹೋಗಿ ಮೂಲೆಯಲ್ಲಿ ದಿನಾಂಕ ಎಷ್ಟು ತೋರಿಸುತ್ತಿದೆ ನೋಡಿ. ಹಾಗೆಯೇ ‘ಸಾಟಾ ಮೋಡ್’ ಎಂಬ ಸಾಲು ಹುಡುಕಿ. ಏನನ್ನೂ ಬದಲಿಸಬೇಡಿ, ಓದಿ ಮಾತ್ರ ಹೇಳಿ.

ಇಬ್ಬನಿ · 10:04

ದಿನಾಂಕ 2018ರ ಜನವರಿ 1 ಎಂದಿದೆ! ಸಾಟಾ ಮೋಡ್ ಎದುರು ‘ಎಎಚ್‌ಸಿಐ’ ಎಂದಿದೆ. ಅದನ್ನು ಒತ್ತಿದರೆ ಇನ್ನೊಂದು ಆಯ್ಕೆ ‘ರೈಡ್’ ಎಂದು ಕಾಣುತ್ತದೆ. ಒತ್ತಿ ನೋಡಿ ಹಾಗೇ ಹೊರಗೆ ಬಂದೆ, ಬದಲಿಸಿಲ್ಲ.

ತಿರುಪುಮೊಳೆ · 10:13

ಗಡಿಯಾರ ಹಿಂದಕ್ಕೆ ಹೋಗಿದೆ ಎಂದರೆ ಸೆಟಪ್‌ನಲ್ಲಿದ್ದ ಆಯ್ಕೆಗಳೆಲ್ಲ ಅಳಿಸಿ ಮದರ್‌ಬೋರ್ಡಿನ ಮೂಲ ಆಯ್ಕೆಗಳು ಮರಳಿವೆ. ಎಎಚ್‌ಸಿಐ, ರೈಡ್ ಎಂದರೆ ಯಂತ್ರ ಡಿಸ್ಕಿನೊಡನೆ ಮಾತಾಡುವ ಎರಡು ಬಗೆಗಳು. ಸಿದ್ಧವಾಗಿ ಬರುವ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಒಂದೇ ಡಿಸ್ಕ್ ಇದ್ದರೂ ಸಾಟಾ ಮೋಡನ್ನು ರೈಡ್‌ಗೆ ಇಟ್ಟು ವಿಂಡೋಸ್ ಹಾಕಿರುತ್ತಾರೆ. ಆಗ ವಿಂಡೋಸ್ ಬೂಟ್ ಸಮಯಕ್ಕೆ ರೈಡ್ ಚಾಲಕವನ್ನಷ್ಟೇ (ಡ್ರೈವರ್) ಎತ್ತುವಂತೆ ಸಿದ್ಧವಾಗಿರುತ್ತದೆ, ಎಎಚ್‌ಸಿಐ ಚಾಲಕ ಡಿಸ್ಕಿನಲ್ಲಿದ್ದರೂ ಬೂಟ್ ಹೊತ್ತಿಗೆ ಏಳುವುದಿಲ್ಲ. ಬೂಟ್ ಲೋಡರ್ ಫರ್ಮ್‌ವೇರ್‌ನ ಸಹಾಯದಿಂದ ಡಿಸ್ಕ್ ಓದುತ್ತದೆ, ಅದಕ್ಕೆ ಮೋಡ್ ಯಾವುದಾದರೂ ಸರಿಯೇ. ಕರ್ನಲ್ ಎದ್ದು ತನ್ನದೇ ಚಾಲಕದಿಂದ ಓದಲು ಹೊರಟಾಗ ಡಿಸ್ಕ್ ಕಾಣದೆ, ‘ಬೂಟ್ ಆದ ಸಾಧನವೇ ಕೈಗೆ ಸಿಗುತ್ತಿಲ್ಲ’ ಎಂದು ನೀಲಿ ಪರದೆ ತೋರಿಸುತ್ತದೆ. ನಿಮ್ಮ ಸ್ಟಾಪ್ ಕೋಡಿನ ಅರ್ಥ ಅದೇ.

ಹಳೆಯ ಡಿಸ್ಕಿಗೆ ಏನೂ ಆಗಿಲ್ಲ ಎಂದೇ ನನ್ನ ಅಂದಾಜು. ಮೋಡನ್ನು ರೈಡ್‌ಗೆ ಬದಲಿಸಿ, ಉಳಿಸಿ ಹೊರಬನ್ನಿ. ಹಳೆಯದನ್ನು ಒಂದೇ ಒಂದು ಸಲ ಹಾಕಿ ಎಬ್ಬಿಸಿ.

ಸಂಜೆಗಾಳಿ · 10:16

ರೈಡ್‌ಗೆ ಹಾಕಿದರೆ ಡಿಸ್ಕ್ ಅಳಿಸಿಹೋಗುವುದಿಲ್ಲವೇ? ಅದು ಎರಡು ಡಿಸ್ಕ್ ಜೋಡಿಸುವುದಕ್ಕಲ್ಲವೇ?

ಕಪ್ಪುಪರದೆ · 10:19

ಮೋಡ್ ಬದಲಿಸಿದ ಮಾತ್ರಕ್ಕೆ ಅಳಿಸುವುದಿಲ್ಲ. ರೈಡ್ ಪರದೆಯೊಳಗೆ ಹೋಗಿ ‘ಹೊಸ ಅರೇ ಸೃಷ್ಟಿಸು’ ಎಂದರೆ ಮಾತ್ರ ಅಳಿಸುತ್ತದೆ. ಅಲ್ಲಿಗೆ ಹೋಗುವ ಅಗತ್ಯವೇ ಇಲ್ಲ. ಆದರೆ ಕೇಳಿದ್ದು ಒಳ್ಳೆಯದಾಯಿತು, ಆ ಭಯ ಅವರಿಗೂ ಇದ್ದಿರಬಹುದು.

ಎರಡನೆಯಪ್ರತಿ · 10:22

ಒಂದು ನಿಮಿಷ! ಎದ್ದರೆ ಮೊದಲು ಮಾಡಬೇಕಾದದ್ದು ದುರಸ್ತಿಯಲ್ಲ. ದೊಡ್ಡದೊಂದು ಪೆನ್ ಡ್ರೈವ್ ಸಿಕ್ಕಿಸಿ ಅಮ್ಮನ ಧ್ವನಿಮುದ್ರಣಗಳ ಫೋಲ್ಡರನ್ನು ಅದಕ್ಕೆ ಹಾಕಿ. ಅದಾದ ಮೇಲೆ ಉಳಿದ ಮಾತು. ಡಿಸ್ಕ್ ಹತ್ತು ನಿಮಿಷ ಬದುಕಿದರೂ ಆ ಹತ್ತು ನಿಮಿಷ ಆ ಫೋಲ್ಡರ್‌ಗೆ ಸೇರಬೇಕು.

ಇಬ್ಬನಿ · 11:02

ಎದ್ದಿತು.

ಚುಕ್ಕಿಗಳು ತಿರುಗುತ್ತಿರುವಾಗ ಉಸಿರು ಬಿಗಿಹಿಡಿದು ಕುಳಿತಿದ್ದೆ. ಲಾಗಿನ್ ಪರದೆ ಬಂತು. ಎರಡನೆಯಪ್ರತಿಯವರು ಹೇಳಿದಂತೆ ಬೇರೇನನ್ನೂ ಮುಟ್ಟದೆ ಫೋಲ್ಡರ್ ನಕಲು ಮಾಡಿದೆ, 212 ಫೈಲ್‌ಗಳು. ಮೂರ್ನಾಲ್ಕು ಕಡೆ ನಿಂತು ನಿಂತು ಓಡಿತು, ಆದರೆ ಪೂರ್ತಿ ಮುಗಿಯಿತು. ಪೆನ್ ಡ್ರೈವನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ಹತ್ತು ಫೈಲ್ ತೆರೆದು ಕೇಳಿದೆ. ಎಲ್ಲ ಚೆನ್ನಾಗಿವೆ. ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ.

ಪಾತರಗಿತ್ತಿ · 11:05

ಓದುತ್ತಾ ಕುಳಿತಿದ್ದ ನನಗೂ ಕಣ್ಣು ತುಂಬಿತು.

ಎರಡನೆಯಪ್ರತಿ · 11:09

ಈಗ ಇನ್ನೊಂದು ಕೆಲಸ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂಥದ್ದೇನಾದರೂ ಇದ್ದರೆ ಸ್ಮಾರ್ಟ್ ಅಂಕಿಗಳನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ನೋಡಿ. 05, ಸಿ5, ಸಿ7 ಈ ಮೂರು ಸಾಲು ಸಾಕು.

ಇಬ್ಬನಿ · 11:15

05ರ ಎದುರು 0. ಸಿ5ರ ಎದುರು ಉದ್ದದ ಸೊನ್ನೆಗಳಾದ ಮೇಲೆ 18. ಸಿ7 ಕೂಡ 0. ನೋಡಿದ ಮೇಲೆ ಯಂತ್ರವನ್ನು ಬಂದ್ ಮಾಡಿದೆ.

ಎರಡನೆಯಪ್ರತಿ · 11:21

ಆ 18 ಹದಿನಾರರ ಎಣಿಕೆಯಲ್ಲಿದೆ, ನಮ್ಮ ಎಣಿಕೆಯಲ್ಲಿ 24. ಅಂದರೆ 24 ಸೆಕ್ಟರ್‌ಗಳನ್ನು (ಡೇಟಾ ಇಡುವ ಪುಟ್ಟ ಖಾನೆಗಳು) ಓದಲಾಗದೆ ಡಿಸ್ಕ್ ‘ಮುಂದೆ ನೋಡೋಣ’ ಎಂದು ಬಾಕಿ ಇಟ್ಟುಕೊಂಡಿದೆ. ಸಿ7 ಏರಿದ್ದರೆ ಕೇಬಲ್ ಮೇಲೆ ಅನುಮಾನ ಪಡಬಹುದಿತ್ತು. ಅದು ಸೊನ್ನೆ, ಆದ್ದರಿಂದ ಗುಬ್ಬಚ್ಚಿಯವರ ಕೇಬಲ್ ವಾದ ಬಿತ್ತು. ದೋಷ ಡಿಸ್ಕಿನ ತಟ್ಟೆಯಲ್ಲೇ ಇದೆ.

ಗುಬ್ಬಚ್ಚಿ · 11:22

ಒಪ್ಪಿದೆ.

ಸಂಜೆಗಾಳಿ · 11:25

ಹಾಗಾದರೆ ಕ್ಲೋನ್‌ನಲ್ಲಿ ದೋಷ ಯಾಕೆ ಬರಲಿಲ್ಲ? 24 ಕಡೆ ಓದಲಾಗದಿದ್ದರೆ ನಿಲ್ಲಬೇಕಿತ್ತು.

ಎರಡನೆಯಪ್ರತಿ · 11:30

ಒಳ್ಳೆಯ ಪ್ರಶ್ನೆ. 1 ಟಿಬಿಯನ್ನು 500 ಜಿಬಿಗೆ ಇಳಿಸಿದ್ದಾರೆ ಎಂದರೆ ತಂತ್ರಾಂಶ ಬಳಕೆಯಲ್ಲಿರುವ ಭಾಗವನ್ನಷ್ಟೇ ಓದಿದೆ. ಕೆಟ್ಟ ಸೆಕ್ಟರ್‌ಗಳು ಖಾಲಿ ಜಾಗದಲ್ಲೋ ನಕಲಾಗದ ಪಾರ್ಟಿಷನ್‌ನಲ್ಲೋ (ಡಿಸ್ಕನ್ನು ಪಾಲು ಮಾಡಿದ ತುಂಡು) ಇದ್ದರೆ ಅದು ಅವನ್ನು ಮುಟ್ಟಿಯೇ ಇರುವುದಿಲ್ಲ. ಅಥವಾ ಕ್ಲೋನ್ ಆದ ಮೇಲೆ, ಇವತ್ತು ಸಂಜೆ ಎಬ್ಬಿಸಿ ಬೀಳಿಸುವಾಗ ಹುಟ್ಟಿರಬಹುದು. ಏನೇ ಇರಲಿ, ಹೊಸ ಡಿಸ್ಕಿನಲ್ಲಿರುವ ನಕಲು ಬೆಲೆಬಾಳುವುದು. ಅದನ್ನು ಅಳಿಸಿ ಮತ್ತೆ ಕ್ಲೋನ್ ಮಾಡಿ ಎಂದು ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಬೇಡ.

ಸಂಜೆಗಾಳಿ · 11:34

ನಾನು ಅದನ್ನೇ ಹೇಳಲು ಹೊರಟಿದ್ದೆ. ಹಳೆಯದು ಎದ್ದಿದೆ, ಈ ಸಲ ಇಡೀ ಡಿಸ್ಕನ್ನು ಕ್ಲೋನ್ ಮಾಡಿದರೆ ಮುಗಿಯಿತಲ್ಲ? ಕೈಯಿಂದ ಕಮಾಂಡ್ ಹೊಡೆದು ಸರಿಪಡಿಸುವುದು ಹೊಸಬರಿಗೆ ಸುಲಭವೇ?

ಎರಡನೆಯಪ್ರತಿ · 11:40

ಡಿಸ್ಕ್ ಆರೋಗ್ಯವಾಗಿದ್ದರೆ ನಾನೇ ಹಾಗೆ ಹೇಳುತ್ತಿದ್ದೆ. ಬಾಕಿ ಸೆಕ್ಟರ್ ಇರುವ ಡಿಸ್ಕನ್ನು ಮತ್ತೊಮ್ಮೆ ಪೂರ್ತಿ ಓದಿಸುವುದೆಂದರೆ ಕಾಲು ಮುರಿದವನನ್ನು ಇನ್ನೊಮ್ಮೆ ಬೆಟ್ಟ ಹತ್ತಿಸಿದಂತೆ. ಅರ್ಧದಾರಿಯಲ್ಲಿ ಕುಸಿದರೆ? ಅಷ್ಟರಲ್ಲಿ ಹೊಸ ಡಿಸ್ಕಿನ ನಕಲನ್ನೂ ಅಳಿಸಿರುತ್ತಾರೆ. ಒಂದೂ ಉಳಿಯುವುದಿಲ್ಲ.

ಓದಲೇಬೇಕಾದ ಪ್ರಸಂಗ ಬಂದರೆ ಲಿನಕ್ಸ್ ಪೆನ್ ಡ್ರೈವ್‌ನಿಂದ ಡಿಡಿರೆಸ್ಕ್ಯೂ ಬಳಸಿ. ಅದು ಸುಲಭವಾಗಿ ಓದುವ ಭಾಗಗಳನ್ನು ಮೊದಲು ಎತ್ತಿಕೊಂಡು, ಹಟ ಮಾಡುವ ಜಾಗಗಳಿಗೆ ಕೊನೆಯಲ್ಲಿ ಕೈಹಾಕುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದುಕೊಳ್ಳುವುದರಿಂದ ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಆದರೆ ಗುರಿ ಮೂರನೆಯ ಡಿಸ್ಕ್ ಆಗಿರಬೇಕು, ಈ ಎಸ್‌ಎಸ್‌ಡಿ ಅಲ್ಲ.

ಕಪ್ಪುಪರದೆ · 11:46

ಎರಡನೆಯಪ್ರತಿಯವರ ಪಕ್ಷ ನಾನು. ಇಬ್ಬನಿಯವರೇ, ಹೊಸ ಡಿಸ್ಕ್ ಒಂದನ್ನೇ ಜೋಡಿಸಿ, ವಿಂಡೋಸ್ ಪೆನ್ ಡ್ರೈವ್‌ನಿಂದ ಎದ್ದು, ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಡಿಸ್ಕ್‌ಪಾರ್ಟ್’, ಆಮೇಲೆ ‘ಲಿಸ್ಟ್ ಡಿಸ್ಕ್’ ಕೊಡಿ. ಕೊನೆಯ ಕಾಲಮ್ ಜಿಪಿಟಿ, ಅಂದರೆ ಪಾರ್ಟಿಷನ್ ಪಟ್ಟಿ ಬರೆಯುವ ಹೊಸ ಪದ್ಧತಿ. ಅಲ್ಲಿ ನಕ್ಷತ್ರ ಇದೆಯೋ ಇಲ್ಲವೋ ಹೇಳಿ. ನಂತರ ಡಿಸ್ಕ್ ಆರಿಸಿ ‘ಲಿಸ್ಟ್ ಪಾರ್ಟಿಷನ್’ ಕೊಡಿ. ಇವು ತೋರಿಸುವ ಕಮಾಂಡ್‌ಗಳು ಮಾತ್ರ, ಏನನ್ನೂ ಬದಲಿಸುವುದಿಲ್ಲ. ‘ಕ್ಲೀನ್’ ಎಂಬ ಪದವನ್ನು ಮಾತ್ರ ಅಲ್ಲಿ ಅಪ್ಪಿತಪ್ಪಿಯೂ ಬರೆಯಬೇಡಿ. ಅದು ಕೇಳದೆ, ಎಚ್ಚರಿಸದೆ ಪಾರ್ಟಿಷನ್ ಪಟ್ಟಿಯನ್ನೇ ಅಳಿಸುತ್ತದೆ.

ಇಬ್ಬನಿ · ಭಾನುವಾರ, 12:08

ನಕ್ಷತ್ರ ಇಲ್ಲ. ಪಾರ್ಟಿಷನ್ ಒಂದೇ ಒಂದು, 465 ಜಿಬಿ. ಈಗ ನೆನಪಾಗುತ್ತಿದೆ, ಕ್ಲೋನ್ ಮಾಡುವಾಗ ಹಳೆಯ ಡಿಸ್ಕಿನಲ್ಲಿ ನಾಲ್ಕು ತುಂಡುಗಳು ಕಾಣುತ್ತಿದ್ದವು. ಮಿಕ್ಕ ಮೂರು ಚಿಕ್ಕವು, ಬೇಡವೆಂದುಕೊಂಡು ಸಿ ಡ್ರೈವ್ ಒಂದಕ್ಕೇ ಗುರುತು ಹಾಕಿದೆ.

ಕಪ್ಪುಪರದೆ · 12:19

ಅಲ್ಲಿಗೆ ಎಲ್ಲ ಬಿಚ್ಚಿಕೊಂಡಿತು.

ಆ ಚಿಕ್ಕ ತುಂಡುಗಳಲ್ಲಿ ಒಂದು ಇಎಫ್‌ಐ ಪಾರ್ಟಿಷನ್. ಸಾಮಾನ್ಯವಾಗಿ 100 ಎಂಬಿ, ಫ್ಯಾಟ್32 ಮಾದರಿ. ಯುಇಎಫ್‌ಐ ಎಂಬ ಹೊಸ ಬಗೆಯ ಫರ್ಮ್‌ವೇರ್‌ಗೆ ಸಿ ಡ್ರೈವಿನ ಎನ್‌ಟಿಎಫ್‌ಎಸ್ ಮಾದರಿ ಓದಲು ಬರಲೇಬೇಕೆಂಬ ನಿಯಮವಿಲ್ಲ. ಅದು ಈ ಚಿಕ್ಕ ಕೋಣೆಯೊಳಗೆ ಹೋಗಿ ಬೂಟ್ ಫೈಲನ್ನು ಎತ್ತಿಕೊಳ್ಳುತ್ತದೆ. ಆ ಫೈಲಿಗೆ ಮಾತ್ರ ಸಿ ಡ್ರೈವಿನಲ್ಲಿ ವಿಂಡೋಸ್ ಎಲ್ಲಿದೆ ಎಂದು ಗೊತ್ತು. ನೀವು ಮನೆಯನ್ನು ಸಾಗಿಸಿದ್ದೀರಿ, ಬಾಗಿಲು ಹಳೆಯ ಡಿಸ್ಕಿನಲ್ಲೇ ಉಳಿಯಿತು. ಅದರ ಮೇಲೆ ಹೊಸ ಡಿಸ್ಕ್ ಎಂಬಿಆರ್ ಎಂಬ ಹಳೆಯ ಪದ್ಧತಿಯಲ್ಲಿ ತಯಾರಾಗಿದೆ, ನಿಮ್ಮ ಯಂತ್ರ ಯುಇಎಫ್‌ಐ ದಾರಿಯಲ್ಲಿ ಬೂಟ್ ಆಗುವಂಥದ್ದು.

‘/ಫಿಕ್ಸ್‌ಎಂಬಿಆರ್’ ಯಶಸ್ವಿ ಎಂದದ್ದರಿಂದ ಏನೂ ಪ್ರಯೋಜನವಾಗಲಿಲ್ಲ ಏಕೆಂದರೆ ಅದು ಡಿಸ್ಕಿನ ಮೊದಲ ಸೆಕ್ಟರಿಗೆ ಹಳೆಯ ಕಾಲದ ಬೂಟ್ ಸಂಕೇತವನ್ನು ಬರೆಯುತ್ತದೆ. ಯುಇಎಫ್‌ಐ ಆ ಸಂಕೇತವನ್ನು ಓಡಿಸುವುದೇ ಇಲ್ಲ.

ಹಳೆಗಣಕ · 12:27

ಆ ಮೊದಲ ಸೆಕ್ಟರಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. 1983ರಲ್ಲಿ ಪಿಸಿ ಡಾಸ್ 2.0 ಜೊತೆ ಬಂದ ಏರ್ಪಾಡು ಅದು. ಒಟ್ಟು 512 ಬೈಟ್. ಬೂಟ್ ಸಂಕೇತಕ್ಕೆ 446, ನಾಲ್ಕು ಪಾರ್ಟಿಷನ್‌ಗಳ ವಿವರಕ್ಕೆ 64, ಕೊನೆಯ 2 ಬೈಟ್ ಗುರುತಿಗೆ. ಹತ್ತು ಎಂಬಿ ಡಿಸ್ಕುಗಳ ಕಾಲದಲ್ಲಿ ಮಾಡಿದ ಈ ಪುಟ್ಟ ಕೋಷ್ಟಕ ಮೂವತ್ತು ವರ್ಷಕ್ಕೂ ಹೆಚ್ಚು ಜಗತ್ತಿನ ಕಂಪ್ಯೂಟರ್‌ಗಳನ್ನು ಎಬ್ಬಿಸಿತು. 446 ಬೈಟಿನಲ್ಲಿ ಅಷ್ಟು ಕೆಲಸ ತುಂಬಿದವರ ಕೈಗೆ ನಾನು ಈಗಲೂ ನಮಸ್ಕರಿಸುತ್ತೇನೆ. ಸೆಕ್ಟರ್ ಸಂಖ್ಯೆಗೆ 32 ಬಿಟ್ ಮಾತ್ರ ಇದ್ದುದರಿಂದ 2 ಟಿಬಿ ದಾಟಿದ ಡಿಸ್ಕುಗಳಿಗೆ ಅದು ಸಾಲದೆ ಜಿಪಿಟಿ ಬೇಕಾಯಿತು.

ನಡುರಾತ್ರಿ · 12:30

2.2 ಟಿಬಿ.

ಹಳೆಗಣಕ · 12:33

ಸಾವಿರದ ಲೆಕ್ಕದಲ್ಲಿ 2.2, 1024ರ ಲೆಕ್ಕದಲ್ಲಿ 2. ಎರಡೂ ಒಂದೇ ಜಾಗ. ಇಬ್ಬನಿಯವರ 500 ಜಿಬಿ 465 ಎಂದು ಕಂಡದ್ದೂ ಇದೇ ಕಾರಣಕ್ಕೆ.

ಕಪ್ಪುಪರದೆ · 12:41

ಈಗ ದುರಸ್ತಿ. ಪಾರ್ಟಿಷನ್‌ಗಳನ್ನು ಕೈಯಿಂದ ಕತ್ತರಿಸುವುದು ಬೇಡ. ವಿಂಡೋಸ್ 10ರ 1703 ಆವೃತ್ತಿಯಿಂದ ‘ಎಂಬಿಆರ್2ಜಿಪಿಟಿ’ ಎಂಬ ಉಪಕರಣ ಜೊತೆಗೇ ಬರುತ್ತದೆ. ಡೇಟಾ ಅಳಿಸದೆ ಡಿಸ್ಕನ್ನು ಜಿಪಿಟಿಗೆ ಬದಲಿಸಿ, ಸಿ ಡ್ರೈವನ್ನು ತುಸು ಕುಗ್ಗಿಸಿ, ಇಎಫ್‌ಐ ಪಾರ್ಟಿಷನ್ ಸೃಷ್ಟಿಸಿ, ಬೂಟ್ ಫೈಲ್‌ಗಳನ್ನೂ ಹಾಕುತ್ತದೆ. ಆದರೆ ಅದು ಸುಮ್ಮನೆ ಒಪ್ಪುವುದಿಲ್ಲ. ಡಿಸ್ಕಿನಲ್ಲಿ ‘ಆಕ್ಟಿವ್’ ಎಂದು ಗುರುತಾದ ಪಾರ್ಟಿಷನ್ ಮತ್ತು ಅದರಲ್ಲಿ ವಿಂಡೋಸ್ ಎಲ್ಲಿದೆ ಎಂದು ಹೇಳುವ ಬೂಟ್ ದಾಖಲೆ ಎರಡೂ ಇರಲೇಬೇಕು. ನಿಮ್ಮದರಲ್ಲಿ ಎರಡೂ ಇಲ್ಲ, ಅವನ್ನು ಮೊದಲು ಮಾಡಿಕೊಳ್ಳೋಣ.

ಹೊಸ ಡಿಸ್ಕ್ ಮಾತ್ರ ಜೋಡಿಸಿರಲಿ. ಡಿಸ್ಕ್‌ಪಾರ್ಟ್‌ನಲ್ಲಿ ಗಾತ್ರ ನೋಡಿ ಸರಿಯಾದ ಡಿಸ್ಕನ್ನೇ ಆರಿಸಿ. ಪೆನ್ ಡ್ರೈವ್ ಕೂಡ ಆ ಪಟ್ಟಿಯಲ್ಲಿರುತ್ತದೆ. ಆ ಒಂದು ಪಾರ್ಟಿಷನ್ ಆರಿಸಿ ‘ಆಕ್ಟಿವ್’ ಕೊಟ್ಟು ಹೊರಬನ್ನಿ. ವಿಂಡೋಸ್ ಇರುವ ಡ್ರೈವಿಗೆ ಇಲ್ಲಿ ಬೇರೆ ಅಕ್ಷರ ಬಿದ್ದಿರಬಹುದು, ‘ಡಿಐಆರ್ ಸಿ:’ ಎಂದು ಕೊಟ್ಟು ವಿಂಡೋಸ್, ಯೂಸರ್ಸ್ ಫೋಲ್ಡರ್‌ಗಳು ಕಾಣುತ್ತವೆಯೇ ನೋಡಿ. ಕಂಡರೆ ‘ಬಿಸಿಡಿಬೂಟ್ ಸಿ:\ವಿಂಡೋಸ್ /ಎಸ್ ಸಿ: /ಎಫ್ ಬಯೋಸ್’. ಆಮೇಲೆ ‘ಎಂಬಿಆರ್2ಜಿಪಿಟಿ /ವ್ಯಾಲಿಡೇಟ್ /ಡಿಸ್ಕ್:0’. ಸೊನ್ನೆಯ ಜಾಗದಲ್ಲಿ ನಿಮ್ಮ ಡಿಸ್ಕಿನ ಸಂಖ್ಯೆ. ಇದು ಬರೀ ಪರೀಕ್ಷೆ. ತೇರ್ಗಡೆಯಾದರೆ ಮಾತ್ರ ಅದೇ ಸಾಲಿನಲ್ಲಿ ವ್ಯಾಲಿಡೇಟ್ ಬದಲು ‘ಕನ್ವರ್ಟ್’. ಅಂಕಿಗಳನ್ನು ಬಿಟ್ಟು ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಹೇಳಬೇಕಾಗಿಲ್ಲ.

ಈ ರಾತ್ರಿ ಬೇಡ. ಮಲಗಿ ಎದ್ದು ಮಾಡಿ.

ತಿರುಪುಮೊಳೆ · 12:44

ಕೊನೆಯ ಸಾಲಿಗೆ ನನ್ನ ಪೂರ್ಣ ಬೆಂಬಲ. ಇನ್ನೊಂದು: ಹೊಸದು ಎದ್ದ ಖುಷಿಯಲ್ಲಿ ಹಳೆಯದನ್ನೂ ಕೂಡಲೇ ಪಕ್ಕದಲ್ಲಿ ಸಿಕ್ಕಿಸಬೇಡಿ. ಬೂಟ್ ಲೋಡರ್ ಹಳೆಯದರದ್ದು, ವಿಂಡೋಸ್ ಹೊಸದರದ್ದು ಎಂಬಂತಹ ಬೆರಕೆ ಆಗಿ, ನಾಳೆ ಹಳೆಯದನ್ನು ತೆಗೆದ ದಿನ ಮತ್ತೆ ಇದೇ ಕಪ್ಪು ಪರದೆ ಕಾಣುತ್ತದೆ.

ಪಾತರಗಿತ್ತಿ · ಬೆಳಿಗ್ಗೆ 7:50

ನನ್ನದೂ ಇಂಥದ್ದೇ ಒಂದು ಕಥೆ, ಆದರೆ ಕೊನೆ ಬೇರೆ. 4 ಟಿಬಿ ಡಿಸ್ಕನ್ನು ಯುಎಸ್‌ಬಿ ಡಾಕ್‌ನಲ್ಲಿಟ್ಟು (ಡಿಸ್ಕನ್ನು ಹೊರಗಿನಿಂದ ಜೋಡಿಸುವ ಪೆಟ್ಟಿಗೆ) ಕ್ಲೋನ್ ಮಾಡಿದೆ. ಡಾಕ್‌ನಲ್ಲಿ ಫೈಲ್‌ಗಳೆಲ್ಲ ಕಾಣುತ್ತಿದ್ದವು. ಕಂಪ್ಯೂಟರ್ ಒಳಗೆ ನೇರ ಸಾಟಾಗೆ ಹಾಕಿದರೆ ‘ಈ ಡಿಸ್ಕ್ ಖಾಲಿ’ ಎಂದಿತು. ಮತ್ತೆ ಡಾಕ್‌ಗೆ ಹಾಕಿದರೆ ಎಲ್ಲ ಇದೆ! ಎರಡು ದಿನ ಹೀಗೇ ಹಾಕಿ ತೆಗೆದೆ.

ತಿರುಪುಮೊಳೆ · 8:05

ಆ ಡಾಕ್‌ನ ಒಳಗಿನ ಚಿಪ್ 512 ಬೈಟಿನ ಸೆಕ್ಟರ್‌ಗಳನ್ನು 4096 ಎಂದು ಹೊರಗೆ ತೋರಿಸುತ್ತಿತ್ತು. ದೊಡ್ಡ ಡಿಸ್ಕುಗಳು ಹಳೆಯ ವಿಂಡೋಸ್‌ನಲ್ಲೂ ನಡೆಯಲಿ ಎಂದು ಕೆಲವು ಡಾಕ್‌ಗಳಲ್ಲಿ ಹಾಗೆ ಮಾಡಿದ್ದರು. ಪಾರ್ಟಿಷನ್ ಪಟ್ಟಿಯಲ್ಲಿ ಇರುವುದು ಸೆಕ್ಟರ್ ಸಂಖ್ಯೆಗಳು, ಸೆಕ್ಟರ್ ಗಾತ್ರವೇ ಬದಲಾದರೆ ಎಲ್ಲ ವಿಳಾಸ ತಪ್ಪು. ಡಿಸ್ಕ್ ಎಲ್ಲಿ ಓಡಬೇಕೋ ಅಲ್ಲಿಯೇ ಜೋಡಿಸಿ ಕ್ಲೋನ್ ಮಾಡಿದರೆ ಈ ತೊಂದರೆ ಇಲ್ಲ.

ನಡುರಾತ್ರಿ · 8:31

ಲಿನಕ್ಸ್‌ನವರಿಗೂ ಇಂಥ ಕಾಟ ಇದೆ. ಎರಡನೆಯ ಡಿಸ್ಕನ್ನು ಬದಲಿಸಿ ಹೊಸದಾಗಿ ಫಾರ್ಮ್ಯಾಟ್ ಮಾಡಿದೆ. ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ (ಬೂಟ್ ಹೊತ್ತಿಗೆ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿ) ಹಳೆಯದರ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಹಾಗೇ ಇತ್ತು. ಬೂಟ್ ಆಗುವಾಗ ಇಲ್ಲದ ಡಿಸ್ಕಿಗಾಗಿ ಒಂದೂವರೆ ನಿಮಿಷ ಕಾದು, ಎಮರ್ಜೆನ್ಸಿ ಮೋಡ್‌ಗೆ ಬಿತ್ತು. ಆ ಸಾಲಿಗೆ ‘ನೋಫೇಲ್’ ಸೇರಿಸಿದ್ದರೆ ಬಿಟ್ಟು ಮುಂದೆ ಹೋಗುತ್ತಿತ್ತು.

ಸಂಜೆಗಾಳಿ · 9:14

ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಬಗ್ಗೆ ಯಾರೂ ಹೇಳಲಿಲ್ಲ. ಸೆಟಪ್ ಅಳಿಸಿದಾಗ ನನ್ನ ಲ್ಯಾಪ್‌ಟಾಪ್ 48 ಅಂಕಿಯ ಕೀಲಿ ಕೇಳಿತ್ತು. ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿದ್ದರಿಂದ ಬಚಾವಾದೆ. ಇಲ್ಲಿ ಬರೀ ಹೊಸದಾಗಿ ಹಾಕಿ ಎಂದು ಹೇಳುವವನು ನಾನು ಎಂದು ತಿಳಿಯಬೇಡಿ, ಇದನ್ನು ನಾನು ಅನುಭವಿಸಿದ್ದೇನೆ.

ಕಪ್ಪುಪರದೆ · 9:20

ಇದು ಬಹಳ ಮುಖ್ಯ, ನಾನು ಮೊದಲೇ ಕೇಳಬೇಕಿತ್ತು. ಇಬ್ಬನಿಯವರದು ಕೀಲಿ ಕೇಳದೆ ಎದ್ದಿದೆ, ಆದ್ದರಿಂದ ಇಲ್ಲಿ ಚಿಂತೆಯಿಲ್ಲ. ಬೇರೆಯವರು ಡಿಸ್ಕ್‌ಗೋ ಸೆಟಪ್‌ಗೋ ಕೈಹಾಕುವ ಮೊದಲು ಆ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಿನ್ನೆ ಖಾರವಾಗಿ ಮಾತಾಡಿದ್ದಕ್ಕೆ ಕ್ಷಮಿಸಿ, ಸಂಜೆಗಾಳಿಯವರೇ.

ಇಬ್ಬನಿ · 11:37

ಹೊಸ ಡಿಸ್ಕಿನಿಂದಲೇ ಎದ್ದ ಕಂಪ್ಯೂಟರ್‌ನಲ್ಲಿ ಇದನ್ನು ಬರೆಯುತ್ತಿದ್ದೇನೆ!

ನಡೆದದ್ದನ್ನು ಹೇಳುತ್ತೇನೆ. ಡಿಸ್ಕ್‌ಪಾರ್ಟ್‌ನಲ್ಲಿ ಹೊಸ ಡಿಸ್ಕ್ 0, ಪೆನ್ ಡ್ರೈವ್ 1. ‘ಆಕ್ಟಿವ್’ ಸರಿಯಾಯಿತು. ‘ಡಿಐಆರ್ ಸಿ:’ ಕೊಟ್ಟರೆ ವಿಂಡೋಸ್ ಕಾಣಲಿಲ್ಲ, ಪೆನ್ ಡ್ರೈವಿನ ಫೈಲ್‌ಗಳು ಕಂಡವು. ನನ್ನ ವಿಂಡೋಸ್ ಡಿ ಆಗಿತ್ತು. ಕಪ್ಪುಪರದೆಯವರು ಎಚ್ಚರಿಸದಿದ್ದರೆ ಕಣ್ಣುಮುಚ್ಚಿ ಸಿ ಎಂದೇ ಹೊಡೆಯುತ್ತಿದ್ದೆ. ಎರಡೂ ಕಡೆ ಡಿ ಎಂದು ಬದಲಿಸಿ ಬಿಸಿಡಿಬೂಟ್ ಕೊಟ್ಟೆ, ಫೈಲ್‌ಗಳು ಸೃಷ್ಟಿಯಾದವು ಎಂದಿತು. ವ್ಯಾಲಿಡೇಟ್ ಮೊದಲ ಸಲಕ್ಕೇ ಒಪ್ಪಿತು. ಕನ್ವರ್ಟ್ ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ. ಮತ್ತೆ ‘ಲಿಸ್ಟ್ ಡಿಸ್ಕ್’ ಕೊಟ್ಟೆ. ಜಿಪಿಟಿ ಕಾಲಮ್‌ನಲ್ಲಿ ನಕ್ಷತ್ರ ಕಂಡಾಗ ಕೈ ನಡುಗುತ್ತಿತ್ತು.

ಪೆನ್ ಡ್ರೈವ್ ಕಿತ್ತು ಎಬ್ಬಿಸಿದೆ. ಹದಿನೈದು ಸೆಕೆಂಡಿಗೆ ಲಾಗಿನ್ ಪರದೆ. ಸೆಟಪ್‌ನಲ್ಲಿ ದಿನಾಂಕವನ್ನೂ ಸರಿಪಡಿಸಿದ್ದೇನೆ.

ನಡುರಾತ್ರಿ · 11:39

ಭೇಷ್!

ಗುಬ್ಬಚ್ಚಿ · 11:41

ಈಗ ರೈಡ್‌ನಿಂದ ಎಎಚ್‌ಸಿಐಗೆ ಬದಲಿಸಿಕೊಂಡರೆ ಒಳ್ಳೆಯದಲ್ಲವೇ? ಸೇಫ್ ಮೋಡ್‌ನಲ್ಲಿ ಒಮ್ಮೆ ಎಬ್ಬಿಸಿದರೆ ವಿಂಡೋಸ್ ತಾನೇ ಚಾಲಕ ಬದಲಿಸಿಕೊಳ್ಳುತ್ತದೆ ಎಂದು ಓದಿದ್ದೆ.

ತಿರುಪುಮೊಳೆ · 11:46

ನೀವು ಓದಿದ್ದು ಸರಿ, ದಾರಿ ಅದೇ. ಆದರೆ ಓಡುತ್ತಿರುವುದನ್ನು ಇವತ್ತು ಮುಟ್ಟಬೇಡಿ. ಸಾಟಾ ಎಸ್‌ಎಸ್‌ಡಿಗೆ ಅದರಿಂದ ಕಣ್ಣಿಗೆ ಕಾಣುವಂತಹ ಲಾಭವೇನೂ ಇಲ್ಲ. ಬದಲಿಗೆ ಸೆಟಪ್‌ನ ಎಲ್ಲ ಪುಟಗಳನ್ನೂ ಮೊಬೈಲ್‌ನಲ್ಲಿ ಚಿತ್ರ ತೆಗೆದಿಡಿ. ಏಳು ವರ್ಷದ ಬ್ಯಾಟರಿ ಎಂದರೆ ಇನ್ನೊಂದು ದಿನ ಅದು ತಾನಾಗಿಯೇ ಖಾಲಿಯಾಗಿ ಎಲ್ಲ ಅಳಿಸಬಹುದು. ಸಿಆರ್2032 ಎಂದು ಕೇಳಿ ತಂದು ಬದಲಿಸಿ.

ಎರಡನೆಯಪ್ರತಿ · 11:52

ಹಳೆಯ ಡಿಸ್ಕನ್ನು ಏನು ಮಾಡಿದಿರಿ? ಫಾರ್ಮ್ಯಾಟ್ ಮಾಡಿ ಬೇರೆ ಕೆಲಸಕ್ಕೆ ಬಳಸುತ್ತೇನೆ ಎನ್ನಬೇಡಿ. ಪೆನ್ ಡ್ರೈವ್ ಕೂಡ ಕಾಯಂ ಜಾಗವಲ್ಲ. ಆ 212 ಫೈಲ್‌ಗಳು ಇನ್ನೂ ಒಂದು ಕಡೆ, ಮನೆಯ ಹೊರಗೆ ಇರಬೇಕು.

ಇಬ್ಬನಿ · ಮಧ್ಯಾಹ್ನ 12:20

ಅಳಿಸಿಲ್ಲ, ಅಳಿಸುವುದೂ ಇಲ್ಲ. ಮೇಲೆ ಚೀಟಿ ಅಂಟಿಸಿ, ಇವತ್ತಿನ ದಿನಾಂಕ ಮತ್ತು ‘24 ಬಾಕಿ ಸೆಕ್ಟರ್, ಎಬ್ಬಿಸಬೇಡಿ’ ಎಂದು ಬರೆದು ಕಪಾಟಿನಲ್ಲಿ ಇಟ್ಟಿದ್ದೇನೆ. ಅಕ್ಕನಿಗೆ ಫೋನ್ ಮಾಡಿ ವಿಷಯ ಹೇಳಿದೆ. 212 ಫೈಲ್‌ಗಳೂ ಈಗ ಅವಳ ಕಂಪ್ಯೂಟರ್‌ಗೆ ಇಳಿಯುತ್ತಿವೆ, 140 ಮುಗಿದಿವೆ. ಇಳಿದದ್ದನ್ನು ಅವಳು ಆಗಲೇ ಒಂದೊಂದಾಗಿ ಕೇಳುತ್ತಿದ್ದಾಳೆ.